ಪದ ಪರಿಚಯ: ಉಪಚುನಾವಣೆ

ಹಿಂದಿಯ 'ಚುನಾವ್' ಕನ್ನಡದ ನಾಲಿಗೆಗೆ ಒಗ್ಗಿ 'ಚುನಾವಣೆ' ಆಯಿತು. ಬದಲಾವಣೆ, ಚಲಾವಣೆಗಳ ಸಾಲಿನ ಪದ. ಅದಕ್ಕೆ ಸಂಸ್ಕೃತದ 'ಉಪ' ಸೇರಿ, ಆರಿಸಿ ಬಂದವರ ಸ್ಥಾನ ಅವಧಿಗೆ ಮೊದಲೇ ತೆರವಾದಾಗ ನಡೆಯುವ ಚುನಾವಣೆಗೆ ಹೆಸರಾಯಿತು.

ಹಾಗಾಗಿ 2018ರ ಜೂನ್ 11ರಂದು ಬೆಂಗಳೂರಿನ ಜಯನಗರದಲ್ಲಿ ನಡೆದದ್ದನ್ನು ಉಪಚುನಾವಣೆ ಎನ್ನಬಾರದು. ಶಾಸಕ ಬಿ.ಎನ್. ವಿಜಯಕುಮಾರ್ ಮತ್ತೆ ಅಭ್ಯರ್ಥಿಯಾಗಿದ್ದಾಗಲೇ ತೀರಿಕೊಂಡರು. ಮೇ 12ಕ್ಕೆ ಆಗಬೇಕಿದ್ದ ವಿಧಾನಸಭಾ ಚುನಾವಣೆಯ ಮತದಾನ ಅಲ್ಲಿ ಮುಂದಕ್ಕೆ ಹೋಯಿತು. ಅದು ತಡವಾಗಿ ನಡೆದ ಸಾರ್ವತ್ರಿಕ ಚುನಾವಣೆಯೇ.

ಅದೇ ವರ್ಷದ ನವೆಂಬರ್ 12ರಂದು ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್ ನಿಧನರಾದರು. ಸ್ಥಾನ ನಿಜಕ್ಕೂ ತೆರವಾಯಿತು, ಉಪಚುನಾವಣೆ ಮಾತ್ರ ಬರಲಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮಿನಂತೆ ತೆರವಾದ ಸ್ಥಾನವನ್ನು 6 ತಿಂಗಳೊಳಗೆ ತುಂಬಬೇಕು; ಉಳಿದ ಅವಧಿ 1 ವರ್ಷಕ್ಕಿಂತ ಕಡಿಮೆಯಿದ್ದರೆ ಆ ಕಟ್ಟು ಇಲ್ಲ. ಹಾಗಾಗಿ ಆ ಕ್ಷೇತ್ರಕ್ಕೆ ಸೇರಿದ ಜಯನಗರ, ಬಿಟಿಎಂ ಬಡಾವಣೆಯ ಮತದಾರರು 2019ರ ಏಪ್ರಿಲ್ 18ರ ಲೋಕಸಭಾ ಚುನಾವಣೆಯವರೆಗೆ ಕಾದರು. ಅಷ್ಟು ಕಾಲ ಸಂಸದರೇ ಇಲ್ಲದಿರುವುದು ಸಣ್ಣ ಮಾತಲ್ಲ. ಆದರೂ ಕೆಲವೇ ತಿಂಗಳಿಗಾಗಿ ಎರಡು ಸಲ ಮತಗಟ್ಟೆ ಹೂಡುವುದಕ್ಕಿಂತ ಇದೇ ಮೇಲು ಎಂದು ನನ್ನ ಎಣಿಕೆ.

ಎರಡನ್ನೂ ಜೊತೆಗೂಡಿಸಿದ್ದೂ ಉಂಟು: 2024ರ ಮೇ 7ರಂದು ಸುರಪುರದವರು ಲೋಕಸಭೆಗೂ ವಿಧಾನಸಭೆಯ ಉಪಚುನಾವಣೆಗೂ ಒಂದೇ ದಿನ ಮತ ಹಾಕಿದರು.