ಕಾಣೆ ದೂರಿನ ಮೊದಲ ದಿನ: ಮಂಡ್ಯ ಸೀಮೆಯ ಮಾನವ ಕಳ್ಳಸಾಗಣೆ ತನಿಖೆ ಮತ್ತು ಪೊಲೀಸರ ಡಿಜಿಟಲ್ ತರಬೇತಿ

2000ನೇ ಇಸವಿಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ, ಕಾಲಿಗೆ ಕಬ್ಬಿಣದ ಸರಪಳಿ ಹಾಕಿ ಜೀತಕ್ಕಿಟ್ಟಿದ್ದ ಕೂಲಿಕಾರರು ಪತ್ತೆಯಾದರು. ಅವರನ್ನು ಬಿಡಿಸಿದವರು ರೈತ ಸಂಘದ ಕಾರ್ಯಕರ್ತರು. ಜೀತ ಪದ್ಧತಿ ರದ್ದಾಗಿ ಆಗಲೇ 24 ವರ್ಷ ಕಳೆದಿತ್ತು. ಅಲ್ಲಿ ಸಾಕ್ಷ್ಯ ಕಣ್ಣಿಗೆ ಕಾಣುತ್ತಿತ್ತು. ಸರಪಳಿಯನ್ನು ಪಂಚರ ಎದುರು ಮಹಜರು ಮಾಡಿ ವಶಪಡಿಸಿಕೊಳ್ಳಬಹುದಿತ್ತು. ಈಗ ಮುಂಗಡ ಯುಪಿಐಯಲ್ಲಿ ಬರಬಹುದು, ಬೆದರಿಕೆ ವಾಟ್ಸಾಪ್‌ನ ಧ್ವನಿ ಸಂದೇಶವಾಗಿ ಬರಬಹುದು. ಇಂಥ ಸಾಕ್ಷ್ಯವನ್ನು ಹಿಡಿದಿಡುವ ತರಬೇತಿ ಮೊದಲು ಸಿಗಬೇಕಾದದ್ದು ತಾಲ್ಲೂಕು ಠಾಣೆಯಲ್ಲಿ ದೂರು ಬರೆದುಕೊಳ್ಳುವ ಸಿಬ್ಬಂದಿಗೆ ಎಂಬುದು ಈ ಟಿಪ್ಪಣಿಯ ವಾದ.

ಈ ಸೀಮೆಯಲ್ಲಿ ದುಡಿಮೆಗಾಗಿ ಊರು ಬಿಡುವವರೂ ಇದ್ದಾರೆ, ಊರಿಗೆ ಬರುವವರೂ ಇದ್ದಾರೆ. ಕೆ.ಆರ್. ಪೇಟೆ, ನಾಗಮಂಗಲದವರು ಮುಂಬೈಗೆ ಹೋಗಿ ನೆಲೆಸಿದ್ದು ಹಳೆಯ ಸಂಗತಿ. 2020ರ ಮೇ ತಿಂಗಳಲ್ಲಿ ಅವರು ಗುಂಪುಗುಂಪಾಗಿ ಊರಿಗೆ ಮರಳಿದಾಗ ಆ ನಂಟು ಎಷ್ಟು ದೊಡ್ಡದೆಂದು ನಾಡಿಗೇ ತಿಳಿಯಿತು. ಇತ್ತ ಕಬ್ಬು ಕಡಿಯಲು ಬಳ್ಳಾರಿ ಕಡೆಯ ತಂಡಗಳು, ಆಲೆಮನೆಗಳಿಗೆ ಉತ್ತರ ಪ್ರದೇಶ, ಬಿಹಾರದ ಕೆಲಸಗಾರರು ಬರುತ್ತಾರೆ. ನಡುವೆ ಮೇಸ್ತ್ರಿ ಇರುತ್ತಾನೆ, ಮುಂಗಡ ಇರುತ್ತದೆ. ಮುಂಗಡ ಪಡೆದವರೆಲ್ಲ ಜೀತದಾಳುಗಳಲ್ಲ, ಮೇಸ್ತ್ರಿಗಳೆಲ್ಲ ಕಳ್ಳಸಾಗಣೆದಾರರೂ ಅಲ್ಲ. ಆ ಗೆರೆ ಎಲ್ಲಿದೆ ಎಂದು ಗುರುತಿಸುವುದು ಕಾನೂನು ಗೊತ್ತಿರುವ ಮನುಷ್ಯನ ಕೆಲಸ. ಯಾವ ತಂತ್ರಾಂಶವೂ ಅದನ್ನು ಮಾಡಿಕೊಡದು.

ರಾಜ್ಯದಲ್ಲಿ ಪರಿಣತಿಗೆ ಕೊರತೆಯಿಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ. ಸಿಐಡಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ನಡೆಯುವ ಸೈಬರ್ ತನಿಖಾ ತರಬೇತಿ ಕೇಂದ್ರವು ಪೊಲೀಸರ ಜೊತೆಗೆ ಅಭಿಯೋಜಕರು, ನ್ಯಾಯಾಧೀಶರಿಗೂ ಪಾಠ ಹೇಳುತ್ತದೆ. ಆದರೆ ಹೊಸಹೊಳಲಿನಂಥ ಊರಿನ ತಾಯಿಯೊಬ್ಬಳು ಮಗಳು ಕಾಣೆಯಾಗಿದ್ದಾಳೆಂದು ಓಡಿಬರುವುದು ಕೆ.ಆರ್. ಪೇಟೆಯ ಠಾಣೆಗೆ.

ಇಲ್ಲಿ ಕಾಲದ ಲೆಕ್ಕ ನೋಡಬೇಕು. ಬಚ್‌ಪನ್ ಬಚಾವೋ ಆಂದೋಲನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಮೇ 10ರಂದು, ಕಾಣೆಯಾದ ಪ್ರತಿ ಮಗುವಿನ ವಿಷಯದಲ್ಲೂ ಎಫ್‌ಐಆರ್ ದಾಖಲಿಸಬೇಕು, ಅಪಹರಣ ಅಥವಾ ಕಳ್ಳಸಾಗಣೆ ನಡೆದಿದೆ ಎಂದೇ ಭಾವಿಸಿ ತನಿಖೆ ಆರಂಭಿಸಬೇಕು ಎಂದಿತು. ನಾಲ್ಕು ತಿಂಗಳಲ್ಲಿ ಮಗು ಸಿಗದಿದ್ದರೆ ಕಡತ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ವಾಟ್ಸಾಪ್‌ನಲ್ಲಿ ತಾನಾಗಿ ಅಳಿಯುವ ಸಂದೇಶಕ್ಕೆ ಇಡಬಹುದಾದ ಗಡುವುಗಳು 24 ಗಂಟೆ, 7 ದಿನ, 90 ದಿನ. ಮೂರೂ ಆ ನಾಲ್ಕು ತಿಂಗಳಿಗೆ ಮೊದಲೇ ಮುಗಿಯುತ್ತವೆ. ಬಸ್ ನಿಲ್ದಾಣ, ಅಂಗಡಿಗಳ ಸಿಸಿಟಿವಿ ದೃಶ್ಯಗಳ ಮೇಲೆ ಎಷ್ಟೋ ಕಡೆ ಕೆಲವೇ ವಾರಗಳಲ್ಲಿ ಹೊಸ ದೃಶ್ಯ ಕೂರುತ್ತದೆ. ಮೊಬೈಲ್ ಕಂಪನಿಗಳು ಕರೆ ವಿವರವನ್ನು ಎರಡು ವರ್ಷ ಇಟ್ಟುಕೊಳ್ಳಬೇಕು, ನಿಜ. ಅದರಿಂದ ಯಾರು ಯಾರಿಗೆ ಎಲ್ಲಿಂದ ಕರೆ ಮಾಡಿದರೆಂದು ತಿಳಿದೀತು, ಯಾವ ಆಮಿಷ ಒಡ್ಡಿದರೆಂದು ತಿಳಿಯದು. ವಾಟ್ಸಾಪ್ ಮಾತುಕತೆ ಫೋನಿನಿಂದ ಫೋನಿಗೆ ಗೂಢಲಿಪಿಯಲ್ಲಿ ಹೋಗುವುದರಿಂದ ಕಂಪನಿಯನ್ನು ಕೇಳಿದರೂ ಅದರ ಒಳವಿಷಯ ದೊರೆಯದು. ವಿಶೇಷ ಘಟಕದ ಕೈಗೆ ಕಡತ ಬರುವ ಹೊತ್ತಿಗೆ, ಹೆಚ್ಚು ಬೆಲೆಯ ಸಾಕ್ಷ್ಯ ಹೋಗಿಬಿಟ್ಟಿರಬಹುದು.

ಹೀಗಾಗಿ ಮೊದಲ ದಿನದ ಕೆಲಸವನ್ನು ಹೆಡ್ ಕಾನ್‌ಸ್ಟೆಬಲ್‌ಗೆ, ಸ್ಟೇಷನ್ ರೈಟರ್‌ಗೆ ಕೈಹಿಡಿದು ಕಲಿಸಬೇಕು: ಮನೆಯವರ ಫೋನಿಗೆ ಬಂದ ಸಂದೇಶ ಅಳಿಯುವ ಮುನ್ನ ಉಳಿಸುವುದು, ಸಿಸಿಟಿವಿ ಇರುವವರಿಗೆ ಅಂದೇ ನೋಟಿಸ್ ಕೊಡುವುದು, ಕರೆ ವಿವರದ ಕೋರಿಕೆಯನ್ನು ಎಸ್‌ಪಿ ಕಚೇರಿಗೆ ಕಳಿಸುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಆ ನಮೂನೆಯಲ್ಲಿ, ದಾಖಲೆ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಪರದೆಯ ಫೋಟೊ ಹೊಡೆದು ಕಡತಕ್ಕೆ ಅಂಟಿಸಿದರೆ ಕೆಲಸ ಮುಗಿಯದು. ಶೋಧ, ಜಪ್ತಿಗಳನ್ನು ವಿಡಿಯೊ ಮಾಡುವುದೂ ಈಗ ಕಡ್ಡಾಯ. ಅದಕ್ಕೆ ಇ-ಸಾಕ್ಷ್ಯ ಆ್ಯಪ್ ಇದೆ.

ಉಪಕರಣಕ್ಕಿಂತ ಗುರುತಿಸುವ ಕಣ್ಣು ಕಷ್ಟದ್ದು. ಒಪ್ಪಿಯೇ ಬಂದಿದ್ದಾನಲ್ಲ ಎಂಬ ಮಾತಿಗೆ ಮಾನವ ಕಳ್ಳಸಾಗಣೆಯ ಕುರಿತ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿ ಬೆಲೆಯಿಲ್ಲ. ಸಂತ್ರಸ್ತರ ಒಪ್ಪಿಗೆ ಅಲ್ಲಿ ಲೆಕ್ಕಕ್ಕೆ ಬಾರದು. ಮುಂಗಡ ಜೀತದ ಸಾಲವೆಂದು ಕೂಲಿಕಾರ ಹೇಳಿದರೆ, ಅಲ್ಲವೆಂದು ಸಾಬೀತುಪಡಿಸಬೇಕಾದವನು ಸಾಲ ಕೊಟ್ಟವನೇ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ 15ನೇ ಕಲಮು ಹಾಗೆನ್ನುತ್ತದೆ. ಆದ್ದರಿಂದ ಯುಪಿಐ ಪಾವತಿಯ ಪಟ್ಟಿಯನ್ನು ಕೂಲಿ, ಮುಂಗಡ, ಕಡಿತಗಳ ಲೆಕ್ಕವಾಗಿ ಓದಲು ತನಿಖಾಧಿಕಾರಿಗೆ ಬರಬೇಕು. ಭೋಜಪುರಿಯ ಧ್ವನಿ ಸಂದೇಶವನ್ನು ಯಂತ್ರಾನುವಾದಕ್ಕೆ ಒಪ್ಪಿಸಿ ಸುಮ್ಮನಾಗದೆ, ಭಾಷೆ ಬಲ್ಲವರಿಂದ ಕೇಳಿಸಬೇಕು. ಸಂತ್ರಸ್ತ ಯಾರು, ಆರೋಪಿ ಯಾರು ಎಂಬುದೂ ಒಮ್ಮೆಗೇ ಕಾಣದು. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್‌ನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳು 549 ಭಾರತೀಯರನ್ನು ಕರೆತಂದವು. ಕೆಲಸದ ಆಮಿಷಕ್ಕೆ ಒಳಗಾಗಿ ಸೈಬರ್ ವಂಚನೆಯ ಕೇಂದ್ರಗಳಿಗೆ ಸಿಕ್ಕಿಬಿದ್ದವರು ಅವರಲ್ಲಿದ್ದರು. ಅಂಥವರ ಫೋನನ್ನಷ್ಟೇ ನೋಡಿದರೆ ಸಂತ್ರಸ್ತನೇ ಆರೋಪಿಯಂತೆ ಕಾಣುತ್ತಾನೆ.

ಕಳ್ಳಸಾಗಣೆಯಿಂದ ಬಿಡುಗಡೆಯಾದವಳ ಫೋನಿನ ಬಗ್ಗೆಯೂ ಪಾಠವಿರಬೇಕು. ಅದನ್ನು ಆರೋಪಿಯ ವಸ್ತುವಿನಂತೆ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ, ಮನೆಯವರ ನಂಬರು, ಆಕೆಗೆ ಬಂದ ಹಣ, ಆಧಾರ್‌ಗೆ ಜೋಡಿಸಿದ ಸಿಮ್ ಎಲ್ಲವೂ ಅದರೊಳಗೇ ಉಳಿಯುತ್ತವೆ. ಪ್ರಕರಣಕ್ಕೆ ಬೇಕಾದ ಭಾಗವನ್ನು ಆಕೆಗೆ ತಿಳಿಸಿಯೇ ನಕಲು ಮಾಡಿಕೊಂಡು, ಸಾಧ್ಯವಾದಷ್ಟು ಬೇಗ ಫೋನನ್ನು ಆಕೆಯ ಕೈಗೆ ಮರಳಿಸುವುದು ತರಬೇತಿಯ ಪಠ್ಯದಲ್ಲೇ ಸೇರಬೇಕು.