ಸ್ಕ್ಯಾನ್ ನಾರ್ಮಲ್, ಆದರೂ ನೋವು: ಯಾವ ಡಾಕ್ಟರನ್ನು ಕಾಣಬೇಕು?

“ರಿಪೋರ್ಟ್ ನಾರ್ಮಲ್ ಇದ್ದರೆ ನೋವು ಬರೀ ಭ್ರಮೆ” ಎಂಬ ಮಾತು ತಪ್ಪು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವು ದೀರ್ಘಕಾಲದ ನೋವು. ಗಾಯ ಮಾಗಿದ ಮೇಲೂ ನರಗಳು ಮತ್ತು ಮಿದುಳು ಅತಿಸೂಕ್ಷ್ಮವಾಗಿಯೇ ಉಳಿಯಬಹುದು. ಇದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ, 2022ರಲ್ಲಿ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ.

ಎಲ್ಲಿಗೆ ಹೋಗಬೇಕು?
ದೊಡ್ಡ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನಲ್ಲಿ ‘ಪೇನ್ ಕ್ಲಿನಿಕ್’ ಇದೆಯೇ ಎಂದು ವಿಚಾರಿಸಿ. ಸಾಮಾನ್ಯವಾಗಿ ಇದು ಅನಸ್ತೇಶಿಯಾ ವಿಭಾಗದಲ್ಲಿರುತ್ತದೆ. ಆಪರೇಷನ್‌ಗೆ ಮುನ್ನ ಅರಿವಳಿಕೆ ಕೊಡುವ ತಜ್ಞರೇ ಅನೇಕ ಕಡೆ ನೋವಿಗೂ ಚಿಕಿತ್ಸೆ ಕೊಡುತ್ತಾರೆ.

ಏನು ಒಯ್ಯಬೇಕು?
ನೋವು ಎಲ್ಲಿ, ಯಾವಾಗ, 10ಕ್ಕೆ ಎಷ್ಟು ಎಂದು ಎರಡು ವಾರ ಬರೆದಿಡಿ. ನಿದ್ದೆಗೆಟ್ಟಿದ್ದು, ಮೆಟ್ಟಿಲು ಹತ್ತಲಾಗದ್ದು, ಈವರೆಗೆ ನುಂಗಿದ ಮಾತ್ರೆಗಳು, ಎಲ್ಲವನ್ನೂ ಸೇರಿಸಿ. “ನೋವು” ಎಂಬ ಒಂದು ಪದಕ್ಕಿಂತ ಈ ವಿವರ ಡಾಕ್ಟರಿಗೆ ಹೆಚ್ಚು ಉಪಯೋಗ.

ಎಚ್ಚರ
ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಬೆನ್ನುನೋವಿನ ಜೊತೆ ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಪೇನ್ ಕ್ಲಿನಿಕ್‌ಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.