ಕರುಳಿನ ಕ್ಯಾನ್ಸರಿನ ಕಿರುಛೇದನ ಚಿಕಿತ್ಸೆ: ಒಂದು ಐತಿಹಾಸಿಕ ವಿವೇಚನೆ

ಉದರವನ್ನು ಅಗಲವಾಗಿ ಸೀಳದೆ, ಕಿರುರಂಧ್ರಗಳ ಮೂಲಕ ದೊಡ್ಡಕರುಳಿನ ರೋಗಗ್ರಸ್ತ ಭಾಗವನ್ನು ಛೇದಿಸುವ ಲ್ಯಾಪರೊಸ್ಕೋಪಿ ಕ್ರಮದ ಮೊದಲ ವರದಿಗಳು 1991ರಲ್ಲಿ ಅಮೆರಿಕದಿಂದ ಪ್ರಕಟವಾದುವು. ಆದರೆ ರಂಧ್ರಗಳ ಗಾಯದಲ್ಲಿಯೇ ಕ್ಯಾನ್ಸರು ಮರುಕಳಿಸಿದ ಪ್ರಸಂಗಗಳು ವೈದ್ಯರನ್ನು ಕಳವಳಗೊಳಿಸಿದುವು. ಈ ಸಂದೇಹವನ್ನು ನಿವಾರಿಸಿದುದು ವಾದವಲ್ಲ, ತುಲನೆ. 872 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ ನಡೆಸಿದ ಪರೀಕ್ಷೆಯ ಫಲ 2004ರಲ್ಲಿ ಹೊರಬಂದಿತು. ಮೂರು ವರ್ಷಗಳಲ್ಲಿ ರೋಗದ ಮರುಕಳಿಕೆ ಹೊಸ ಕ್ರಮದಲ್ಲಿ ಶೇಕಡಾ 16, ಹಳೆಯದರಲ್ಲಿ 18. ಗಾಯದಲ್ಲಿ ಮರುಕಳಿಕೆ ಎರಡರಲ್ಲಿಯೂ ಶೇಕಡಾ 1ಕ್ಕಿಂತ ಕಡಮೆ.

ತರುವಾಯ ರೋಬಾಟ್ ಯಂತ್ರವೂ ಬಂದಿತು. ಗುದನಾಳದ ಕ್ಯಾನ್ಸರಿನ 471 ರೋಗಿಗಳಲ್ಲಿ ಅದನ್ನು ಲ್ಯಾಪರೊಸ್ಕೋಪಿಯೊಡನೆ ಹೋಲಿಸಿದ 2017ರ ವರದಿಯಂತೆ, ನಡುವೆ ಉದರವನ್ನು ತೆರೆಯಬೇಕಾದ ಪ್ರಸಂಗಗಳು ನಿರ್ಣಾಯಕವಾಗಿ ಕುಗ್ಗಲಿಲ್ಲ. ಆದುದರಿಂದ ನೂತನತೆಯೊಂದೇ ಶ್ರೇಷ್ಠತೆಗೆ ಪ್ರಮಾಣವಲ್ಲವೆಂದು ನಾವು ಭಾವಿಸುತ್ತೇವೆ.